ತಪ್ಪಿಸಿಕೊಂಡ ಒಂದು ಗಾಬ್ಲಿನ್ ಅನ್ನು ಕ್ಯಾಂಪೇನ್ ಪೂರ್ತಿ ಕಾಡುವ ವಿಲನ್ ಮಾಡುವುದು ಹೇಗೆ?

ತೆರೆಮರೆ_ಡಿಎಂ:

ಐದನೇ ಎಡಿಷನ್ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಕಥೆ ಕಟ್ಟುವ ಆಟ) ಆಡುತ್ತಿದ್ದೇವೆ, ಆಟ ನಡೆಸುವ ಡಿಎಂ ನಾನು, 2014ರ ಸ್ಟಾರ್ಟರ್ ಸೆಟ್ ಜೊತೆ ಬಂದ ಸಾಹಸ. ಅದನ್ನು ಇನ್ನೂ ಆಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮುಂದೆ ಸ್ಪಾಯ್ಲರ್ ಇದೆ. ಪಾರ್ಟಿಯಲ್ಲಿ (ಆಟಗಾರರ ಪಾತ್ರಗಳ ಗುಂಪು) ರೇಂಜರ್ (ಬಿಲ್ಲುಗಾರ್ತಿ), ರೋಗ್ (ಕಳ್ಳ), ಕ್ಲೆರಿಕ್ (ಗಾಯ ವಾಸಿ ಮಾಡುವವಳು), ವಿಝಾರ್ಡ್ (ಮಂತ್ರ ಹಾಕುವವರು). ಮಾತುಕತೆ ಎಲ್ಲಾ ಕನ್ನಡದಲ್ಲೇ, ರೂಲ್ಸ್ ಹೆಸರುಗಳು ಮಾತ್ರ ಇಂಗ್ಲಿಷ್.

ಮೊದಲ ಹೊಂಚು ದಾಳಿ ನೆನಪಿದೆಯಲ್ವಾ? ದಾರಿ ಮೇಲೆ ಸತ್ತು ಬಿದ್ದ ಕುದುರೆಗಳು, ಪೊದೆಯಲ್ಲಿ ನಾಲ್ಕು ಗಾಬ್ಲಿನ್ (ಕುಳ್ಳ ದುಷ್ಟ ಜೀವಿಗಳು). ಮೂರು ಸತ್ತವು, ನಾಲ್ಕನೆಯದು ಓಡಿತು. ರೇಂಜರ್ ಬಾಣ ಬಿಟ್ಟಳು, 5 ಡ್ಯಾಮೇಜ್. ಗಾಬ್ಲಿನ್‌ಗೆ ಇರುವುದೇ 7 ಎಚ್‌ಪಿ (ಜೀವದ ಅಂಕ), 2 ಉಳಿಯಿತು. ಬಾಣ ಅದರ ಎಡಗಿವಿ ಹರಿದುಕೊಂಡು ಹೋಯಿತು ಅಂದೆ. ಅದು ಕಿವಿ ಹಿಡಿದುಕೊಂಡು, ಒಂದು ಸಲ ತಿರುಗಿ ರೇಂಜರ್ ಮುಖವನ್ನೇ ನೋಡಿ, ಕಾಡಿಗೆ ನುಗ್ಗಿತು. ನಾನು ಹೇಳಿದ್ದು ಅಷ್ಟೇ.

ಆಮೇಲೆ ಗುಹೆಯಲ್ಲಿ ಸಿಕ್ಕ ಪ್ರತಿ ಗಾಬ್ಲಿನ್ ಹೆಣದ ಕಿವಿಯನ್ನು ಬಗ್ಗಿ ನೋಡುತ್ತಾರೆ ನಮ್ಮವರು! ಅದಕ್ಕೆ ಹರಕುಕಿವಿ ಅಂತ ಹೆಸರೂ ಅವರೇ ಇಟ್ಟಿದ್ದಾರೆ. ಸಾಹಸದ ಅಸಲಿ ವಿಲನ್ ಬ್ಲಾಕ್ ಸ್ಪೈಡರ್ ಬಗ್ಗೆ ಇದರ ಅರ್ಧದಷ್ಟು ಆಸಕ್ತಿಯೂ ಯಾರಿಗೂ ಇಲ್ಲ. ಹಾಗಾಗಿ ಹರಕುಕಿವಿಯನ್ನು ಬೆಳೆಸಬೇಕು ಅಂತಿದ್ದೇನೆ.

ಎರಡು ಚಿಂತೆ. ಪಾರ್ಟಿ ಈಗ ಲೆವೆಲ್ 2. ಲೆವೆಲ್ 5 ಬರುವಷ್ಟರಲ್ಲಿ ಒಂದು ಗಾಬ್ಲಿನ್ ಇವರಿಗೆ ಯಾವ ಲೆಕ್ಕ? ಇನ್ನೊಂದು, ನಾನು ಹಿಂದೆ ಆಟಗಾರನಾಗಿದ್ದ ಒಂದು ಟೇಬಲ್‌ನಲ್ಲಿ ವಿಲನ್ ಪ್ರತಿ ಸಲ ಸಾಯುವ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದ. ನಾಲ್ಕನೇ ಸಲಕ್ಕೆ ನಮಗೆ ಅವನನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸೇ ಇರಲಿಲ್ಲ. ನನ್ನ ಆಟಗಾರರಿಗೆ ಹಾಗೆ ಆಗಬಾರದು.

ಇಪ್ಪತ್ತುಮುಖ:

ನಿಮ್ಮ ಎರಡನೇ ಚಿಂತೆಯೇ ದೊಡ್ಡದು, ಅದನ್ನು ಮೊದಲು ನೋಡೋಣ. ಗಾಬ್ಲಿನ್ ತಪ್ಪಿಸಿಕೊಳ್ಳುವುದಕ್ಕೆ ಡಿಎಂ ಕೃಪೆ ಬೇಕಾಗಿಲ್ಲ, ಅದರ ಸ್ಟಾಟ್ ಬ್ಲಾಕ್‌ನಲ್ಲೇ (ಪುಸ್ತಕದಲ್ಲಿರುವ ಅದರ ಅಂಕ, ಗುಣಗಳ ಪಟ್ಟಿ) ಆ ಶಕ್ತಿ ಇದೆ. ನಿಂಬಲ್ ಎಸ್ಕೇಪ್ ಎಂಬ ಗುಣ ಇರುವುದರಿಂದ ಬೋನಸ್ ಆಕ್ಷನ್‌ನಲ್ಲಿ (ಸರದಿಯ ಹೆಚ್ಚುವರಿ ಸಣ್ಣ ಕ್ರಿಯೆ) ಡಿಸ್‌ಎಂಗೇಜ್ (ಏಟು ತಿನ್ನದೆ ಹಿಂದೆ ಸರಿಯುವುದು) ಅಥವಾ ಹೈಡ್ (ಅಡಗುವುದು) ಮಾಡಬಹುದು. ಅಂದರೆ ಡಿಸ್‌ಎಂಗೇಜ್ ಮಾಡಿ, ಆಕ್ಷನ್‌ನಲ್ಲಿ ಡ್ಯಾಶ್ (ಇನ್ನೊಂದು ಪಟ್ಟು ಓಟ) ಮಾಡಿದರೆ ಒಂದೇ ರೌಂಡ್‌ನಲ್ಲಿ 60 ಅಡಿ ದೂರ, ಒಂದೂ ಆಪರ್ಚುನಿಟಿ ಅಟ್ಯಾಕ್ (ಓಡುವವರಿಗೆ ಪಕ್ಕದವರು ಕೊಡುವ ಏಟು) ಬೀಳದೆ. ಇದನ್ನು ಆಟಗಾರರ ಕಣ್ಣೆದುರೇ, ರೂಲ್ಸ್ ಪ್ರಕಾರವೇ ಮಾಡಿ. ಮೋಸ ಅಂತ ಯಾರಿಗೂ ಅನ್ನಿಸುವುದಿಲ್ಲ.

ಆದರೆ ಒಂದು ವಿಷಯ. ನಿಮ್ಮ ರೋಗ್ ಲೆವೆಲ್ 2 ಆದ, ಕನ್ನಿಂಗ್ ಆಕ್ಷನ್ (ಬೋನಸ್ ಆಕ್ಷನ್‌ನಲ್ಲೂ ಡ್ಯಾಶ್ ಮಾಡುವ ಶಕ್ತಿ) ಬಂತು. ಅವನು ಎರಡು ಸಲ ಡ್ಯಾಶ್ ಮಾಡಿ 90 ಅಡಿ ಓಡಬಲ್ಲ. ಅಂದರೆ ಇನ್ನು ಮೇಲೆ ಬರೀ ಓಟದಲ್ಲಿ ಹರಕುಕಿವಿ ಗೆಲ್ಲಲಾರ. ಲಾಂಗ್‌ಬೋ (ಉದ್ದ ಬಿಲ್ಲು) 150 ಅಡಿವರೆಗೆ ಆರಾಮಾಗಿ ಹೊಡೆಯುತ್ತದೆ. ಮ್ಯಾಜಿಕ್ ಮಿಸೈಲ್ ಮಂತ್ರ 120 ಅಡಿ, ಅದಕ್ಕೆ ಗುರಿ ತಪ್ಪುವುದೇ ಇಲ್ಲ, ಮೂರು ಬಾಣ ಸೇರಿದರೆ ಸರಾಸರಿ 10 ದಾಟುತ್ತದೆ. 7 ಎಚ್‌ಪಿಗೆ ಅಷ್ಟು ಬೇಕಾದಷ್ಟಾಯಿತು. ಆದ್ದರಿಂದ ಅದು ಓಡುವುದನ್ನು ಬಿಟ್ಟು ಮರೆಗೆ ಹೋಗಬೇಕು. ಸ್ಟೆಲ್ತ್ (ಅಡಗುವ ಕೌಶಲ) +6 ಇದೆ, ಅದು ಸಣ್ಣ ಸಂಖ್ಯೆ ಅಲ್ಲ. ಮರ, ಮಂಜು, ಜನಜಂಗುಳಿ, ಕತ್ತಲೆ ಇರುವ ಕಡೆ ಮಾತ್ರ ಕಾಣಿಸಿಕೊಳ್ಳಲಿ. ಬಯಲಿಗೆ ಬಂದು ನಿಂತು ಭಾಷಣ ಮಾಡುವುದು ಬೇಡ.

ಅರ್ಧ ಎಚ್‌ಪಿ ಆದಾಗ ಓಡುವುದೋ ಬೇಡವೋ ಎಂದು ನಿಮಗೆ ಗೊಂದಲವಾದರೆ 2014ರ ಡಿಎಂ ಗೈಡ್‌ನಲ್ಲಿ ಮೊರೇಲ್ (ಧೈರ್ಯದ) ರೂಲ್ ಇದೆ, ಡಿಸಿ 10 ವಿಸ್ಡಮ್ ಸೇವ್ (ದಾಳದ ಮೊತ್ತ 10 ಮುಟ್ಟದಿದ್ದರೆ ಓಡುತ್ತದೆ). ಐಚ್ಛಿಕ ರೂಲ್ ಅದು. ನಾನಾದರೆ ಅದನ್ನು ಟೇಬಲ್ ಮೇಲೆ ಎಲ್ಲರೂ ನೋಡುವ ಹಾಗೆ ರೋಲ್ ಮಾಡುತ್ತೇನೆ.

ಮತ್ತೆ, ಹಿಡಿದರೆ ಹಿಡಿಯಲಿ ಬಿಡಿ. ಕೊಲ್ಲದೆ ಹಿಡಿದಾಗಲೇ ಕಥೆ ಜಾಸ್ತಿ ಬೆಳೆಯುತ್ತದೆ. ಊರಿನ ಲಾಕಪ್‌ನಲ್ಲಿ ಕೂತ ಗಾಬ್ಲಿನ್ ಬ್ಲಾಕ್ ಸ್ಪೈಡರ್ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಿದರೆ ಸಾಕು.

ಪಡುವಣ_ಗಾಳಿ:

ಮಾರಾಯ್ರೆ, ಈ ಸಾಹಸದಲ್ಲಿ ಹರಕುಕಿವಿಗೆ ಜಾಗ ಈಗಾಗಲೇ ಇದೆ, ನೀವು ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಗುಹೆಯ ಯೀಮಿಕ್ ನೆನಪಿಸಿಕೊಳ್ಳಿ. ತನ್ನ ಯಜಮಾನ ಕ್ಲಾರ್ಗ್‌ನ ತಲೆ ತಂದುಕೊಡಿ, ಕೈದಿ ಸಿಲ್ಡರ್‌ನನ್ನು ಬಿಡುತ್ತೇನೆ ಅಂತ ಪಾರ್ಟಿ ಜೊತೆಗೇ ವ್ಯಾಪಾರಕ್ಕೆ ಇಳಿಯುವ ಗಾಬ್ಲಿನ್ ಅದು. ಅಂದರೆ ಈ ಗುಂಪಿನ ಗಾಬ್ಲಿನ್‌ಗಳಿಗೆ ಮೇಲಿನವರ ಮೇಲೆ ಹೊಟ್ಟೆಯುರಿ ಇದೆ, ದೊಡ್ಡವರಾಗುವ ಆಸೆ ಇದೆ ಅಂತ ಪುಸ್ತಕವೇ ಹೇಳಿದೆ.

ಈಗ ನಿಮ್ಮ ಹರಕುಕಿವಿ ಎಲ್ಲಿಗೆ ಓಡಿತು? ಈ ಗಾಬ್ಲಿನ್‌ಗಳ ಕ್ರ್ಯಾಗ್‌ಮಾ ಕೋಟೆಗೆ, ಅವುಗಳ ದೊರೆ ಕಿಂಗ್ ಗ್ರೋಲ್ ಹತ್ತಿರ. ಅದರ ಹತ್ತಿರ ಬೇರೆ ಯಾರಿಗೂ ಇಲ್ಲದ ಒಂದು ಆಸ್ತಿ ಇದೆ: ಈ ನಾಲ್ಕು ಜನರನ್ನು ಕಣ್ಣಾರೆ ನೋಡಿದೆ, ಬದುಕಿದೆ. ಯಾರು ಬಾಣ ಬಿಡುತ್ತಾರೆ, ಯಾರು ಮಂತ್ರ ಹಾಕುತ್ತಾರೆ, ಬಿದ್ದವರನ್ನು ಯಾರು ಎಬ್ಬಿಸುತ್ತಾರೆ, ಎಲ್ಲ ಗೊತ್ತು. ಗ್ರೋಲ್‌ಗೆ ಅದನ್ನು ಹೇಳಿ ಹೇಳಿಯೇ ಅದು ಮೇಲೆ ಬರುತ್ತದೆ. ಪಾರ್ಟಿ ಕೋಟೆಗೆ ಹೋದಾಗ ಮೊದಲ ಬಾಣಗಳು ಕ್ಲೆರಿಕ್ ಮೇಲೇ ಬೀಳಲಿ. "ಅವಳನ್ನು ಮೊದಲು ಬೀಳಿಸಿ!" ಅಂತ ಒಳಗಿನಿಂದ ಒಂದು ಕೀರಲು ಧ್ವನಿ ಬರಲಿ. ಟೇಬಲ್‌ನಲ್ಲಿ ಎಲ್ಲರಿಗೂ ಯಾರದು ಅಂತ ಗೊತ್ತಾಗುತ್ತದೆ.

ಆಮೇಲೆ ನೋಡಿ, ಪಾರ್ಟಿ ಗ್ರೋಲ್‌ನನ್ನು ಕೊಲ್ಲುತ್ತದೆ, ಬಹುಮಟ್ಟಿಗೆ ಕೊಂದೇ ಕೊಲ್ಲುತ್ತದೆ. ಆಗ ಕ್ರ್ಯಾಗ್‌ಮಾ ಗಾಬ್ಲಿನ್‌ಗಳಿಗೆ ಯಜಮಾನ ಇಲ್ಲ. ಆ ಖಾಲಿ ಕುರ್ಚಿಯನ್ನು ಹರಕುಕಿವಿಗೆ ಒದಗಿಸಿದ್ದು ನಿಮ್ಮ ಆಟಗಾರರೇ! ಅದು ಅವರಿಗೆ ಗೊತ್ತಾಗುವ ಹಾಗೆ ಮಾಡಿ. ಒಂದು ಚೀಟಿ ಸಿಗಲಿ, ಅಥವಾ ಬದುಕುಳಿದ ಒಂದು ಗಾಬ್ಲಿನ್ ಹೇಳಲಿ, "ದೊರೆಯನ್ನು ಕೊಂದು ನಮ್ಮ ದೊರೆಗೆ ದಾರಿ ಮಾಡಿಕೊಟ್ಟಿರಿ" ಅಂತ.

ನಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಅದರ ಅಬ್ಬರ ಕೇಳುತ್ತದಲ್ಲ, ಮಲಗಿದ್ದ ಮಕ್ಕಳು ಎದ್ದು ಕೂರುತ್ತವೆ, ತೆರೆಯ ಮೇಲಿಂದ ಮೊದಲು ಕಿರೀಟ ಮಾತ್ರ ಕಾಣುತ್ತದೆ. ನಿಮ್ಮ ವಿಲನ್‌ನದೂ ಹಾಗೇ ಆಗಬೇಕು. ಮೂರು ಸೆಷನ್‌ನಲ್ಲಿ ಅದು ಎದುರಿಗೆ ಬಂದರೆ ಒಂದು ಸಲ ಸಾಕು. ಉಳಿದ ಎರಡರಲ್ಲಿ ಅದು ಮಾಡಿದ ಕೆಲಸ ಮಾತ್ರ ಕಾಣಲಿ. ಉದಾಹರಣೆಗೆ, ದಾರಿ ಬದಿ ಒಂದು ಗೊಂಬೆ ಕಟ್ಟಿದ್ದಾರೆ, ಅದಕ್ಕೆ ರೇಂಜರ್‌ದೇ ಹಸಿರು ಬಣ್ಣದ ಅಂಗಿ, ಎಡಗಿವಿ ಇರುವ ಜಾಗದಲ್ಲಿ ಒಂದು ಮೊಳೆ ಹೊಡೆದಿದೆ. ಯುದ್ಧ ಇಲ್ಲ, ರೋಲ್ ಇಲ್ಲ. ರೇಂಜರ್ ಆಡುವವರ ಮುಖ ನೋಡಿ ಆಗ.

ಹಳೇ_ದಾಳ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಸಂಖ್ಯೆಯನ್ನು ಪೂರ್ತಿ ಮರೆತರೆ ಆಗುವುದಿಲ್ಲ. ಎಷ್ಟು ಚೆನ್ನಾಗಿ ಕಥೆ ಕಟ್ಟಿದರೂ ಕೊನೆಗೆ ಒಂದೇ ಏಟಿಗೆ ಸತ್ತರೆ ಟೇಬಲ್‌ಗೆ ನಿರಾಸೆ.

ನನ್ನ ಸಲಹೆ ಇಷ್ಟು. ಮುಂದಿನ ಭೇಟಿಯಲ್ಲಿ ಗಾಬ್ಲಿನ್ ಬಾಸ್ ಸ್ಟಾಟ್ ಬ್ಲಾಕ್ ಕೊಡಿ: ಎಸಿ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕ) 17, 21 ಎಚ್‌ಪಿ. ಅದರ ರಿಯಾಕ್ಷನ್ ಅಂತೂ ದ್ವೇಷ ಹುಟ್ಟಿಸುವುದಕ್ಕೇ ಮಾಡಿದಂತಿದೆ. ತನ್ನ ಮೇಲೆ ಏಟು ಬೀಳುವಾಗ ಪಕ್ಕದಲ್ಲಿರುವ ಇನ್ನೊಂದು ಗಾಬ್ಲಿನ್ ಜೊತೆ ಜಾಗ ಬದಲಿಸಿ ಆ ಏಟನ್ನು ಅದಕ್ಕೆ ದಾಟಿಸುತ್ತದೆ. ತನ್ನವರನ್ನೇ ಬಲಿಕೊಟ್ಟು ಬದುಕುವವನು ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ರಿಯಾಕ್ಷನ್ ಒಂದೇ ಸಲ ಬಳಸಿ ಸಾಕು. ಮೂರನೇ ಭೇಟಿಯಲ್ಲಿ ಸ್ಪೈ ಸ್ಟಾಟ್ ಬ್ಲಾಕ್ ತೆಗೆದುಕೊಂಡು ಅದಕ್ಕೆ ಗಾಬ್ಲಿನ್ ಗುಣಗಳನ್ನು ಸೇರಿಸಿ. ಡಿಎಂ ಗೈಡ್‌ನಲ್ಲಿ ಅದಕ್ಕೆ ಟೇಬಲ್ ಇದೆ: ಸ್ಟ್ರೆಂತ್ (ಬಲ) 2 ಕಮ್ಮಿ, ಡೆಕ್ಸ್ (ಚುರುಕು) 2 ಜಾಸ್ತಿ, ನಿಂಬಲ್ ಎಸ್ಕೇಪ್. ಸ್ಪೈಗೆ 27 ಎಚ್‌ಪಿ ಮತ್ತು ಕನ್ನಿಂಗ್ ಆಕ್ಷನ್ ಇರುವುದರಿಂದ ಇಪ್ಪತ್ತುಮುಖ ಹೇಳಿದ ಓಟದ ಸಮಸ್ಯೆಯೂ ಮುಗಿಯಿತು, ರೋಗ್ ಮತ್ತು ಹರಕುಕಿವಿ ಇಬ್ಬರದೂ ಈಗ 90 ಅಡಿ.

ಲೆವೆಲ್ 5 ಆದಾಗ ವಿಝಾರ್ಡ್‌ಗೆ ಫೈರ್‌ಬಾಲ್ ಮಂತ್ರ ಸಿಗುತ್ತದೆ, ಅದನ್ನು ಮರೆಯಬೇಡಿ. 8ಡಿ6 (ಆರು ಮುಖದ ಎಂಟು ದಾಳ) ಡ್ಯಾಮೇಜ್, ಸರಾಸರಿ 28. 21 ಆಗಲಿ 27 ಆಗಲಿ, ಸೇವ್ ತಪ್ಪಿದರೆ ಕಥೆ ಮುಗಿದಂತೆ. ಅದನ್ನು ದಾಟಿ ಲೆವೆಲ್ 8–9ರವರೆಗೂ ಎಳೆಯುವ ಆಸೆ ಇದ್ದರೆ ಅಸಾಸಿನ್ ಸ್ಟಾಟ್ ಬ್ಲಾಕ್: 78 ಎಚ್‌ಪಿ, ಇವೇಷನ್ ಇದೆ, ಸೇವ್ ಗೆದ್ದರೆ ಫೈರ್‌ಬಾಲ್‌ನಿಂದ ಏನೂ ಆಗುವುದಿಲ್ಲ. ಪ್ರತಿ ಸಲ ಬೆಳೆದದ್ದು ಕಣ್ಣಿಗೆ ಕಾಣಲಿ. ಮೊದಲು ಹರಕು ಚರ್ಮದ ಕವಚ, ಆಮೇಲೆ ಸತ್ತ ಹಾಬ್‌ಗಾಬ್ಲಿನ್‌ನ ಚೈನ್ ಶರ್ಟ್ ಕತ್ತರಿಸಿ ಹೊಲಿದದ್ದು.

ಹಳೇ ಎಡಿಷನ್ ಆಡಿದವರಿಗೆ ಇದು ಗೊತ್ತಿರುತ್ತದೆ, 1987ರ ನವೆಂಬರ್‌ನ ಡ್ರ್ಯಾಗನ್ ಪತ್ರಿಕೆ 127ನೇ ಸಂಚಿಕೆಯಲ್ಲಿ ಟಕರ್ ಎಂಬ ಡಿಎಂ ನಡೆಸಿದ ಕೋಬೋಲ್ಡ್‌ಗಳ ಬಗ್ಗೆ ಒಂದು ಸಂಪಾದಕೀಯ ಬಂತು. ಆಟದ ಅತಿ ದುರ್ಬಲ ಪ್ರಾಣಿಗಳು, ದೊಡ್ಡ ಲೆವೆಲ್‌ನ ಪಾರ್ಟಿಯನ್ನು ಬೆಂಕಿ, ಬಲೆ, ಗೋಡೆಯ ಸಂದುಗಳಿಂದಲೇ ಅಟ್ಟಾಡಿಸಿದವು. ಜಾಗ ನಮ್ಮದಾಗಿದ್ದರೆ 5 ಎಚ್‌ಪಿಯೂ ಭಯ ಹುಟ್ಟಿಸುತ್ತದೆ. ಹರಕುಕಿವಿಗೆ ಕೋಟೆ ಸಿಕ್ಕಿದ ಮೇಲೆ ಅದನ್ನು ಅಲ್ಲೇ ಎದುರಿಸುವಂತೆ ಮಾಡಿ.

ಕ್ಲೆರಿಕ್_ಕಡೆಯವಳು:

ನಾನು ಡಿಎಂ ಅಲ್ಲ, ಆಟಗಾರ್ತಿ. ಆ ಕಡೆಯಿಂದ ಒಂದೆರಡು ಮಾತು.

ವಿಲನ್ ತಪ್ಪಿಸಿಕೊಂಡರೆ ನನಗೆ ಸಿಟ್ಟು ಬರುವುದಿಲ್ಲ. ಅವನು ತಪ್ಪಿಸಿಕೊಂಡಾಗ ನಾವು ಆ ಸಂಜೆ ಮಾಡಿದ್ದೆಲ್ಲ ಸುಮ್ನೆ ಆಯಿತು ಅನ್ನಿಸಿದರೆ ಬರುತ್ತದೆ. ಆದ್ದರಿಂದ ಅದು ಓಡಿದಾಗಲೂ ನಮಗೆ ಏನಾದರೂ ದಕ್ಕಲಿ. ಕೈದಿಗಳು ಬದುಕಲಿ, ನಕ್ಷೆ ಸಿಗಲಿ, ಅದರ ತೋಳ ನಮ್ಮದಾಗಲಿ. ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಆಟದಲ್ಲಿ ಗೇಮ್ ಮಾಸ್ಟರ್ ವಿಲನ್‌ನನ್ನು ತನ್ನ ಇಚ್ಛೆಯಿಂದ ಪಾರು ಮಾಡಿದರೆ ಆಟಗಾರರಿಗೆ ಹೀರೋ ಪಾಯಿಂಟ್ ಕೊಡಬೇಕು. ಅದು ನನಗೆ ತುಂಬಾ ನ್ಯಾಯ ಅನ್ನಿಸುತ್ತದೆ. ನಿಮ್ಮ ಟೇಬಲ್‌ನಲ್ಲಿ ಇನ್‌ಸ್ಪಿರೇಷನ್ (ಡಿಎಂ ಬಹುಮಾನವಾಗಿ ಕೊಡುವ ಸವಲತ್ತು) ಇದೆಯಲ್ಲ, ಅದನ್ನೇ ಕೊಡಿ, ಯಾಕೆ ಕೊಡುತ್ತಿದ್ದೀರಿ ಅಂತಲೂ ಹೇಳಿ.

ಇನ್ನೊಂದು, ದಯವಿಟ್ಟು ಅದಕ್ಕೆ ಮಾತಾಡಲು ಬಿಡಿ. ಎಲ್ಲರೂ ಯುದ್ಧದ ಬಗ್ಗೆಯೇ ಹೇಳಿದ್ದಾರೆ. ನನಗೆ ಮರೆಯಲಾಗದ ವಿಲನ್‌ಗಳೆಲ್ಲ ನಮ್ಮ ಜೊತೆ ಒಂದು ಸಲವಾದರೂ ಕೂತು ಮಾತಾಡಿದವರು. ಹರಕುಕಿವಿಗೆ ರೇಂಜರ್ ಮೇಲೆ ಹಗೆ ಇರಲಿ, ಆದರೆ ರೆಡ್‌ಬ್ರ್ಯಾಂಡ್ಸ್ (ಊರಿನ ರೌಡಿ ಗುಂಪು) ಮೇಲೆ ಇನ್ನೂ ಜಾಸ್ತಿ ಹಗೆ ಇರಲಿ. ಒಂದು ರಾತ್ರಿ ಬಿಳಿ ಬಟ್ಟೆ ಹಿಡಿದು ಕ್ಯಾಂಪ್ ಹತ್ತಿರ ಬಂದು ಒಪ್ಪಂದ ಕೇಳಲಿ. ರೇಂಜರ್ ಒಪ್ಪುತ್ತಾಳಾ, ಬಾಣ ಬಿಡುತ್ತಾಳಾ? ಬಾಣ ಬಿಟ್ಟು ಕೊಂದರೆ ಅದು ಅವಳ ತೀರ್ಮಾನ, ನೀವು ಅಡ್ಡ ಬರಬಾರದು.

ತೆರೆಮರೆ_ಡಿಎಂ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಗ್ರೋಲ್ ಸತ್ತ ಮೇಲಿನ ಖಾಲಿ ಕುರ್ಚಿ ತುಂಬಾ ಹಿಡಿಸಿತು, ಅದನ್ನೇ ಮಾಡುತ್ತೇನೆ. ಈ ಭಾನುವಾರ ಗೊಂಬೆ ಮಾತ್ರ ಕಾಣುತ್ತದೆ. ಒಪ್ಪಂದದ ದೃಶ್ಯ ರೆಡ್‌ಬ್ರ್ಯಾಂಡ್ಸ್ ಅಡ್ಡೆಗೆ ಹೋಗುವ ಹಿಂದಿನ ರಾತ್ರಿ.

ಒಂದು ಪ್ರಶ್ನೆ ಉಳಿದಿದೆ. ಆ ರಾತ್ರಿ ರೇಂಜರ್ ಬಾಣ ಬಿಟ್ಟು 0 ಎಚ್‌ಪಿ ಮಾಡಿಯೇ ಬಿಟ್ಟಳು ಅಂದುಕೊಳ್ಳಿ. ಮುಗಿಯಿತು ಅನ್ನಬೇಕಾ? ಡೆತ್ ಸೇವ್ (ಬದುಕುಳಿಯಲು ಉರುಳಿಸುವ ದಾಳ) ಕೊಡಬಹುದಾ?

ಇಪ್ಪತ್ತುಮುಖ:

ಕೊಡಬಹುದು. ಸಾಮಾನ್ಯ ಮಾನ್‌ಸ್ಟರ್ 0ಗೆ ಬಂದ ತಕ್ಷಣ ಸಾಯುತ್ತದೆ, ಆದರೆ ಮುಖ್ಯ ವಿಲನ್‌ಗಳಿಗೆ, ವಿಶೇಷ ಎನ್‌ಪಿಸಿಗಳಿಗೆ (ಡಿಎಂ ಆಡಿಸುವ ಪಾತ್ರಗಳು) ಡಿಎಂಗಳು ಆಟಗಾರರ ಹಾಗೇ ಡೆತ್ ಸೇವ್ ಕೊಡುವುದುಂಟು ಅಂತ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲೇ ಇದೆ. ಆದರೆ ಅದು ಇಂಥ ವಿಲನ್ ಅಂತ ಮೊದಲೇ ತೀರ್ಮಾನಿಸಿ, ಏಟು ಬಿದ್ದ ಮೇಲೆ ಬೇಡ. "ಇದು ಇನ್ನೂ ಉಸಿರಾಡುತ್ತಿದೆ" ಅಂತ ಆಟಗಾರರಿಗೆ ತಿಳಿಸಿ, ಡೆತ್ ಸೇವ್ ಅವರೆದುರೇ ರೋಲ್ ಮಾಡಿ. ಹತ್ತಿರ ಹೋಗಿ ಕತ್ತು ಕತ್ತರಿಸಿದರೆ ಅಲ್ಲಿಗೆ ಸರಿ. ಕ್ಲೆರಿಕ್ ಉಳಿಸಿದರೆ ಮುಂದಿನ ಸೆಷನ್‌ಗೆ ನಿಮಗೆ ಬೇರೆಯೇ ಕಥೆ ಸಿಕ್ಕಿತು.

ಪಡುವಣ_ಗಾಳಿ:

ಸತ್ತರೂ ಯೋಚನೆ ಬೇಡ. ಅದು ಬಂದು ಹೋದದ್ದನ್ನು ಪೊದೆಯಿಂದ ನೋಡುತ್ತಿದ್ದ ಇನ್ನೊಂದು ಗಾಬ್ಲಿನ್ ಇತ್ತು ಅಂತ ಮಾಡಿ. ಬಿಳಿ ಬಟ್ಟೆ ಹಿಡಿದು ಬಂದವನನ್ನು ಇವರು ಕೊಂದರು ಅಂತ ಅದು ಕೋಟೆಯಲ್ಲಿ ಹೇಳುತ್ತದೆ. ಆಮೇಲೆ ಪಾರ್ಟಿಗೆ ಕ್ರ್ಯಾಗ್‌ಮಾದ ಒಂದು ಗಾಬ್ಲಿನ್ ಕೂಡ ಶರಣಾಗುವುದಿಲ್ಲ.