ಪಾರ್ಕೋರ್ ಫೋಟೋ: ಎಂಟಡಿ ಜಿಗಿತ ಮೂರಡಿ ಥರ ಕಾಣ್ತಿದೆ, ಯಾಕೆ?

ಮಲೆನಾಡ ಲೆನ್ಸ್ (ಚಿಕ್ಕಮಗಳೂರು):
ಊರಿನ ಪಾರ್ಕೋರ್ (ಗೋಡೆ, ಅಡೆತಡೆಗಳನ್ನ ಓಡಿ ಜಿಗಿದು ದಾಟೋ ವಿದ್ಯೆ) ಹುಡುಗರನ್ನ ಚಿತ್ರಿಸೋದನ್ನೇ ವೃತ್ತಿ ಮಾಡ್ಕೋಬೇಕು ಅಂತಿದೀನಿ. 70-200 ಎಂಎಂ ಜೂಮ್ ಲೆನ್ಸಲ್ಲಿ ದೂರದಿಂದ, ಎದುರಿಂದ ತೆಗೆದರೆ ಜಿಗಿತ ಚಿಕ್ಕದಾಗಿ ಕಾಣುತ್ತೆ. ಶಟರ್ 1/250 ಸೆಕೆಂಡ್, ಸಂಜೆ ಕೈಕಾಲು ಮಸುಕು. ಬೇಲೂರು, ಹಳೇಬೀಡಲ್ಲೂ ಒಂದು ಸರಣಿ ಮಾಡೋ ಆಸೆ ಇದೆ. ಏನು ಬದಲಿಸಲಿ?

ಹೇಮಾವತಿ ಕ್ಲಿಕ್ಸ್ (ಹಾಸನ):
ಲೆನ್ಸಿಗಿಂತ ನಿಂತ ಜಾಗದ್ದೇ ತಪ್ಪು. ದೂರ ನಿಂತು ಎದುರಿಂದ ತೆಗೆದರೆ ಎರಡು ಗೋಡೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತೆ. ಪಕ್ಕಕ್ಕೆ ಬನ್ನಿ, 24 ಇಲ್ಲವೇ 35 ಎಂಎಂನ ಅಗಲ ನೋಟದ ಲೆನ್ಸ್ ಹಾಕಿ, ಕ್ಯಾಮೆರಾ ಮೊಣಕಾಲೆತ್ತರಕ್ಕೆ ಇಳಿಸಿ. ಹೊರಡೋ ಅಂಚು, ಇಳಿಯೋ ಅಂಚು ಎರಡೂ ಫ್ರೇಮಲ್ಲಿ ಇರಲೇಬೇಕು. ಫ್ರಾನ್ಸಿನ ಲಿಸ್‌ನಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು ಬೆಳೆಸಿದ ಈ ವಿದ್ಯೆಯ ಜೀವಾಳವೇ ದಾಟೋದು. ಇಳಿಯೋ ಜಾಗ ಕತ್ತರಿಸಿದ ಚಿತ್ರದಲ್ಲಿ ಅದೇ ಇರಲ್ಲ.

ಶಟರ್ 1/1000, ಪಲ್ಟಿಗೆ 1/1600. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಪರವಾಗಿಲ್ಲ, ಕಾಳುಕಾಳು ಬಂದರೆ ತಿದ್ದಬಹುದು, ಮಸುಕಾದ ಪಾದ ತಿದ್ದಕ್ಕಾಗಲ್ಲ. ಫೋಕಸ್ ಮೊದಲೇ ಇಳಿಯೋ ಅಂಚಿಗೆ ಕಟ್ಟಿಡಿ. ಮುಂಗಾಲು ಅಂಚಿಗೆ ಕಚ್ಚಿ, ಹಿಮ್ಮಡಿ ಇನ್ನೂ ಗಾಳಿಯಲ್ಲಿರುತ್ತಲ್ಲ, ಆ ಚಿತ್ರ ಬೇಕು. ಕಾಂಗ್ ವಾಲ್ಟ್ ಮಾತ್ರ ಓರೆಯಾಗಿ ಮುಂದಿನಿಂದಲೇ ತೆಗೀರಿ: ಅಂಗೈ ಗೋಡೆಗೆ ಒತ್ತಿ, ಮೊಣಕಾಲು ಎರಡು ತೋಳಿನ ನಡುವೆ ನುಗ್ಗೋ ಕ್ಷಣ. ಆದರೆ ಅವರು ಇಳಿಯೋ ದಾರಿಯಲ್ಲಿ ನಿಲ್ಲಬೇಡಿ.

ಕಲ್ಲುಗೋಡೆ:
ಬೇಲೂರು, ಹಳೇಬೀಡು ಕೈಬಿಡಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು, 2023ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇವೆ. ಅದು ಮೆದು ಬಳಪದ ಕಲ್ಲು, ಶೂ ಉಜ್ಜಿದರೆ ಕೆತ್ತನೆಯೇ ಸವೆಯುತ್ತೆ. ಹಾಸನದ ಹತ್ತಿರದ ಶೆಟ್ಟಿಹಳ್ಳಿ ಪಾಳು ಚರ್ಚೂ ಬೇಡ, ಹಿನ್ನೀರಲ್ಲಿ ನೆನೆದು ನೆನೆದು ಸಡಿಲಾದ ಗೋಡೆ ಅದು. ಖಾಸಗಿ ಕಟ್ಟಡ ಹುಡುಕಿ, ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ನಿಮ್ಮಲ್ಲಿ ಮಳೆಗಾಲ ಮುಗಿದ ಮೇಲೂ ಬಿಸಿಲು ಬೀಳದ ಮಗ್ಗುಲಲ್ಲಿ ಪಾಚಿ ಉಳಿದಿರುತ್ತೆ. ಒಣಗಿದಂತೆ ಕಂಡರೂ ಇಬ್ಬನಿಗೆ ಮತ್ತೆ ಜಾರುತ್ತೆ. ಮೊದಲು ಗಟ್ಟಿ ಬ್ರಷ್ಷಲ್ಲಿ ಉಜ್ಜಿ ನೋಡಿ.

ಮಲೆನಾಡ ಲೆನ್ಸ್:
ತುಂಬಾ ಉಪಕಾರ ಸರ್. ಬೀದಿದೀಪದಡಿ ತೆಗೆದರೆ ಒಂದು ಫ್ರೇಮ್ ಬೆಳಕು, ಇನ್ನೊಂದು ಕತ್ತಲು ಬರ್ತಿದೆಯಲ್ಲ?

ಹೇಮಾವತಿ ಕ್ಲಿಕ್ಸ್:
ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಮೆಕ್ಯಾನಿಕಲ್ ಶಟರ್ ಇಟ್ಟು ಆಂಟಿ-ಫ್ಲಿಕರ್ (ದೀಪ ಬೆಳಗಿದ ಕ್ಷಣಕ್ಕೇ ಕ್ಲಿಕ್ ಆಗೋ ಸೆಟ್ಟಿಂಗ್) ಆನ್ ಮಾಡಿ. ಮುಖಕ್ಕೆ ಫ್ಲಾಶ್ ಹೊಡೀಬೇಡಿ, ಕಣ್ಣು ಕತ್ತಲಿಟ್ಟರೆ ಅಂಚು ತಪ್ಪುತ್ತೆ. ಒಂದೇ ಜಿಗಿತ ಮೂರು ಸಲದ ಮೇಲೆ ಕೇಳಬೇಡಿ, ಕಾಲು ಸೋತಿರುತ್ತೆ. ಚಿತ್ರ ಮಾರೋದಾದರೆ ಜಿಗಿಯೋ ಹುಡುಗರ ಒಪ್ಪಿಗೆ ಸಹಿ ಬೇಕು, 18 ತುಂಬದವರಿಗೆ ಅಪ್ಪ-ಅಮ್ಮನದು.