ಜಿಮ್ ಬಾಗಿಲಿನ ನೋಟಿಸ್

ದೊಡ್ಡಪ್ಪ: (ಫೋಟೋ) ನಮ್ಮ ಅಪಾರ್ಟ್‌ಮೆಂಟ್ ಜಿಮ್‌ಗೆ ಇವತ್ತು ಹಾಕಿಸಿದ ನೋಟಿಸ್. "ಹೃದಯದ ತೊಂದರೆ, ಶುಗರ್, ಬಿಪಿಗೆ ಔಷಧಿ ತೆಗೆದುಕೊಳ್ಳುವವರಿಗೆ ಪ್ರವೇಶವಿಲ್ಲ." ನಿಮ್ಮ ಕಡೆಯೂ ಹೀಗೇ ಹಾಕಿಸಿ.

ಚಿಕ್ಕಮ್ಮ: ಒಳ್ಳೆಯದಾಯ್ತು ಬಿಡಿ ಭಾವ. 2021ರಲ್ಲಿ ಅಪ್ಪು ಹೋದ ದಿನ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ನಾನು: ನಾನು ಒಪ್ಪುವುದಿಲ್ಲ ದೊಡ್ಡಪ್ಪ. ಹೀಗಾದರೆ ನಮ್ಮ ಮನೆಯ ಹಿರಿಯರು ಒಬ್ಬರೂ ಜಿಮ್ ಮೆಟ್ಟಿಲು ಹತ್ತುವ ಹಾಗಿಲ್ಲ. ವ್ಯಾಯಾಮ ಜಾಸ್ತಿ ಬೇಕಾಗಿರುವುದು ಅವರಿಗೇ ಅಲ್ವಾ?

ದೊಡ್ಡಪ್ಪ: ಏನಾದರೂ ಆದರೆ ಯಾರು ಹೊಣೆ? ಕಮಿಟಿಯಲ್ಲಿರುವವನು ನಾನು. ಪಾರ್ಕ್ ಇದೆ, ವಾಕಿಂಗ್ ಮಾಡಲಿ.

ನಾನು: ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರೇ ವ್ಯಾಯಾಮ ಶುರು ಮಾಡಿ ಎಂದರು. ಮೊದಲು ಸೇರಿದ ಜಿಮ್‌ನಲ್ಲಿ ಯಾರೂ ಏನೂ ಕೇಳಲಿಲ್ಲ. ಫೀಸ್ ಕಟ್ಟಿಸಿಕೊಂಡು ಟ್ರೆಡ್‌ಮಿಲ್ ಹತ್ತಿಸಿದರು. ಗೋಡೆಯ ಚಾರ್ಟ್ ಪ್ರಕಾರ ಎದೆಬಡಿತ 120 ಮುಟ್ಟಬೇಕು ಅಂತ ಟ್ರೇನರ್ ಹುಡುಗ ಸ್ಪೀಡ್ ಏರಿಸುತ್ತಲೇ ಹೋದ. ಅಪ್ಪ ನುಂಗುವುದು ಮೆಟೊಪ್ರೊಲಾಲ್. ಆ ಮಾತ್ರೆ ಎದೆಬಡಿತ ಏರದಂತೆ ಹಿಡಿದಿಡುತ್ತದೆ. 120 ಎಲ್ಲಿಂದ ಬರಬೇಕು? ಅಪ್ಪ ಕಂಬಿ ಬಿಗಿಯಾಗಿ ಹಿಡಿದಿದ್ದರು. ಮುಖವೆಲ್ಲ ಬೆವರು. "ಸಾಕಪ್ಪಾ" ಅನ್ನಲೂ ಉಸಿರಿರಲಿಲ್ಲ. ಕೆಂಪು ಬಟನ್ ಒತ್ತಿದ್ದು ನಾನು.

ಚಿಕ್ಕಮ್ಮ: ಅಯ್ಯೋ, ಇದನ್ನು ಹೇಳಲೇ ಇಲ್ವಲ್ಲ! ಅದಕ್ಕೇ ಹೇಳಿದ್ದು, ಸೇರಿಸಿಕೊಳ್ಳದಿದ್ದರೇ ಕ್ಷೇಮ.

ನಾನು: ಇಲ್ಲ ಚಿಕ್ಕಮ್ಮ, ಯಾವ ಮಾತ್ರೆ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈಗಿನ ಜಿಮ್‌ನಲ್ಲಿ ಮೊದಲ ದಿನವೇ ಮಾತ್ರೆ ಚೀಟಿ ನೋಡಿದರು. ನಡೆಯುವಾಗ ಅಪ್ಪನನ್ನು ಮಾತಾಡಿಸುತ್ತಿರುತ್ತಾರೆ. ಪೂರ್ತಿ ವಾಕ್ಯ ಬಂದರೆ ಸರಿ. ಮಾತು ತುಂಡಾದರೆ ಸ್ಪೀಡ್ ಇಳಿಸುತ್ತಾರೆ.

ಅಣ್ಣ: ನನ್ನದೂ ಕೇಳಿ. ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ಶುರು ಮಾಡಿ ಐದು ತಿಂಗಳು. 11 ಕೆಜಿ ಇಳಿದಿದ್ದೇನೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ವೇಟ್ಸ್ ಎತ್ತಲೇಬೇಕು ಎಂದಿದ್ದಾರೆ ಡಾಕ್ಟರ್. ಆದರೆ ಊಟ ಸೇರುವುದಿಲ್ಲ, ಬೇಗ ಸುಸ್ತು. ಟ್ರೇನರ್‌ಗೆ ಹೇಳಿದ ಮೇಲೆ ಅವನೇ ನಾನು ಎತ್ತುವ ವೇಟ್ಸ್ ಕಡಿಮೆ ಮಾಡಿಕೊಟ್ಟ. ಮೊಟ್ಟೆ, ಬೇಳೆ ತಿಂದಿರಾ ಅಂತ ದಿನಾ ಕೇಳುತ್ತಾನೆ. ಈ ನೋಟಿಸ್ ಅಲ್ಲಿದ್ದಿದ್ದರೆ ನಾನು ಬಾಯೇ ಬಿಡುತ್ತಿರಲಿಲ್ಲ.

ನಾನು: ನನ್ನ ಭಯ ಅದೇ ದೊಡ್ಡಪ್ಪ. ನೋಟಿಸ್ ನೋಡಿ ಜನ ಬರುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಇನ್ಸುಲಿನ್ ತೆಗೆದುಕೊಂಡವರು ಕೈ ನಡುಗಿ ಬೆವರಿ ಕೂತರೆ, ವಿಷಯ ಗೊತ್ತಿಲ್ಲದ ಟ್ರೇನರ್ ಸುಮ್ನೆ ದಣಿವು ಅಂದುಕೊಳ್ಳುತ್ತಾನೆ. ಗೊತ್ತಿದ್ದವರು ತಕ್ಷಣ ಶುಗರ್ ನೋಡುತ್ತಾರೆ. ಇಳಿದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡುತ್ತಾರೆ. ಡಯಾಲಿಸಿಸ್‌ನವರ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಸುತ್ತಬಾರದು. ಇದನ್ನೆಲ್ಲ ಟ್ರೇನರ್‌ಗೆ ಕಲಿಸಿ.

ದೊಡ್ಡಪ್ಪ: ಡಾಕ್ಟರ್ ಚೀಟಿ ಇಲ್ಲದೆ ಹೃದಯದ ತೊಂದರೆಯವರನ್ನು ಬಿಡುವುದಿಲ್ಲ. ಅದರಲ್ಲಿ ರಾಜಿಯಿಲ್ಲ.

ನಾನು: ಅದು ಬೇಕೇ ಬೇಕು. ಎದೆನೋವು ಅಂದವರನ್ನು ಒಳಗೆ ಬಿಡಲೂ ಬೇಡಿ, ಸೀದಾ ಆಸ್ಪತ್ರೆಗೆ ಕಳಿಸಿ. ಹೃದಯ ಸ್ತಂಭನವಾದಾಗ ಶಾಕ್ ಕೊಡುವ ಎಇಡಿ ಯಂತ್ರ ಒಂದು, ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತವರು ಇಬ್ಬರು ಇರಲಿ. ಎರಡು ಮಹಡಿ ಮೇಲಿರುವ ಆರೋಗ್ಯವಂತ ಹುಡುಗನಿಗೂ ಅದು ಬೇಕಾಗಬಹುದು.

ದೊಡ್ಡಪ್ಪ: ನೋಟಿಸ್ ತೆಗೆಯುತ್ತೇನೆ ಅಂತ ಹೇಳಿಲ್ಲ. ಭಾನುವಾರ ಮೀಟಿಂಗ್ ಇದೆ. ಏನೇನು ಕೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕಳಿಸು.

ಅಪ್ಪ: ಅಣ್ಣಾ, ಭಾನುವಾರ ನಾನೂ ಬರುತ್ತೇನೆ.