ಬೀಜದ ಕುದುರೆಯ ಹಳೇ ಕಾರ್ಡು, ಒಂದು ನೋಟ್‌ಬುಕ್ಕು: ಓದೋಕೆ ಸಹಾಯ ಮಾಡ್ತೀರಾ?

ಹಾಲುಕೊಟ್ಟಿಗೆ:

ನಾನು ನ್ಯೂಜಿಲೆಂಡಿನ ಸೌತ್‌ಲ್ಯಾಂಡಿನಲ್ಲಿ, ವಿಂಟನ್ ಹತ್ತಿರ ಒಂದು ಡೈರಿ ಫಾರ್ಮಿನಲ್ಲಿ ಕೆಲಸ ಮಾಡುತ್ತೇನೆ. ಹೋದ ವಾರ ಮಳೆ ಬಿಡಲೇ ಇಲ್ಲ. ಹೊರಗೆ ಕೆಲಸ ಇಲ್ಲ ಅಂತ ಬಾಸ್ ಹಳೇ ಶೆಡ್ ಖಾಲಿ ಮಾಡೋಕೆ ಹಚ್ಚಿದರು. ಅಟ್ಟದ ಮೇಲೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಮಡಚಿದ ಒಂದು ಕಾರ್ಡು, ಅಂಗೈಯಗಲದ ಒಂದು ನೋಟ್‌ಬುಕ್ಕು. ಎರಡೂ 1908ರವು. ಬಾಸ್ ಮುತ್ತಜ್ಜ ಕ್ಲೈಡ್ಸ್‌ಡೇಲ್ ಅನ್ನುವ, ನೇಗಿಲು ಎಳೆಯುವ ಭಾರೀ ತಳಿಯ ಬೀಜದ ಕುದುರೆ ಇಟ್ಟಿದ್ದರಂತೆ. ಇದಕ್ಕಿಂತ ಹೆಚ್ಚು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಕಾರ್ಡಿನಲ್ಲಿ ಕುದುರೆಯ ಹೆಸರಿದ್ದ ಜಾಗವನ್ನು ಹುಳ ತಿಂದಿದೆ. ಕೆಳಗೆ ಅದರ ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಅರ್ಧ ಪುಟ ಇದೆ, ಮದುವೆ ಕರೆಯೋಲೆ ಥರ. ಆಮೇಲೆ ವಾರದ ಪಟ್ಟಿ. ಸೋಮವಾರ ವಿಂಟನ್, ಮಂಗಳವಾರ ಡಿಪ್ಟನ್ ಹೊಳೆಯಾಚೆ, ಬುಧವಾರ ಲಂಸ್ಡನ್, ಆಮೇಲೆ ಬೇರೆ ದಾರಿಯಲ್ಲಿ ವಾಪಸ್. ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಮನೆಯಲ್ಲಿ 'ಸ್ಟ್ಯಾಂಡ್'. ಹೆಣ್ಣು ಕುದುರೆಗೆ 3 ಪೌಂಡು, ಫೆಬ್ರವರಿ 1ಕ್ಕೆ ಕೊಡಬೇಕು. ಗ್ರೂಮ್‌ಗೆ, ಅಂದರೆ ಕುದುರೆ ನಡೆಸಿಕೊಂಡು ಬರುವ ಆಳಿಗೆ, 5 ಶಿಲಿಂಗು, ಮೊದಲ ದಿನವೇ.

ನನ್ನ ಪ್ರಶ್ನೆಗಳು ಇವು. ಸ್ಟ್ಯಾಂಡ್ ಅಂದ್ರೆ ಏನು? ಪ್ರತಿ ವಾರ ಅದೇ ಊರುಗಳಿಗೆ ಯಾಕೆ ಹೋಗಬೇಕು? ಇನ್ನೂ ದೂರದ ಊರಿಗೆ ಹೋದರೆ ಜಾಸ್ತಿ ದುಡ್ಡಲ್ವಾ?

ಎಲ್ಲಕ್ಕಿಂತ ತಲೆ ತಿನ್ನುತ್ತಿರುವುದು ನೋಟ್‌ಬುಕ್ಕು. ಒಂದೊಂದು ಸಾಲಿಗೆ ಒಂದು ಹೆಣ್ಣು ಕುದುರೆ. ಹೆಸರು, ತಾರೀಕು, ಆಮೇಲೆ ಒಂದು ಸಣ್ಣ ಕತ್ತರಿ ಗುರುತು (X). ಕೆಲವಕ್ಕೆ ಕತ್ತರಿ ಇಲ್ಲ, ಇನ್ನೊಂದು ತಾರೀಕಿದೆ. 'ಜೆಸ್' ಅನ್ನುವುದಕ್ಕೆ ಅಕ್ಟೋಬರ್ 6, 27, ನವೆಂಬರ್ 17, ಡಿಸೆಂಬರ್ 8. ಆದರೆ ಮೂರು ಕುದುರೆಗಳಿಗೆ ಅಕ್ಟೋಬರ್ 20 ಆದಮೇಲೆ ನೇರ ಡಿಸೆಂಬರ್ 1. ನಡುವೆ ಏನೂ ಇಲ್ಲ. ಗ್ರೂಮ್ ಮರೆತನಾ?

ಹಳೇಪೇಪರ್:

ಭಾಗ್ಯವಂತರು ನೀವು. ಇಂಥ ಕಾರ್ಡು ಸೀಸನ್ ಮುಗಿದಮೇಲೆ ಒಲೆಗೆ ಹೋಗುತ್ತಿತ್ತು.

ಅಲ್ಲಿನ ನ್ಯಾಷನಲ್ ಲೈಬ್ರರಿಯ ಹಳೇ ಪತ್ರಿಕೆಗಳ ವೆಬ್‌ಸೈಟು 'ಪೇಪರ್ಸ್ ಪಾಸ್ಟ್' ನೋಡಿ, ಪುಕ್ಕಟೆ. 'ಒಟಾಗೊ ವಿಟ್ನೆಸ್', 'ಸೌತ್‌ಲ್ಯಾಂಡ್ ಟೈಮ್ಸ್' ಪತ್ರಿಕೆಗಳ ಸೆಪ್ಟೆಂಬರ್ ಸಂಚಿಕೆ ತೆಗೆದರೆ ಇಂಥದೇ ಜಾಹೀರಾತು ಸಾಲುಸಾಲು ಸಿಗುತ್ತವೆ. ಮೇಲೆ ಕುದುರೆಯ ಚಿತ್ರದ ಅಚ್ಚು. ಬೇರೆ ಬೇರೆ ಯಜಮಾನರ ಕುದುರೆಗೆ ಒಂದೇ ಅಚ್ಚು ಬಳಸಿದ್ದನ್ನೂ ನೋಡಿದ್ದೇನೆ, ನಗು ಬರುತ್ತೆ. ಒಂದೊಂದು ಜಾಹೀರಾತಿನ ಕೊನೆಯಲ್ಲಿ, ದೂರದಿಂದ ಬಂದ ಹೆಣ್ಣು ಕುದುರೆಗೆ ಮೇಯೋಕೆ ಜಾಗ ಕೊಡುತ್ತೇವೆ, ಆದರೆ ಏನಾದರೂ ಆದರೆ ನಾವು ಹೊಣೆಯಲ್ಲ ಅನ್ನುವ ಸಾಲು ಇರುತ್ತೆ.

ವಂಶಾವಳಿಯಲ್ಲಿ ಡಾರ್ನ್ಲಿ, ಪ್ರಿನ್ಸ್ ಆಫ್ ವೇಲ್ಸ್ ಅನ್ನುವ ಹೆಸರು ಇದ್ದೇ ಇರಬೇಕು, ನೋಡಿ. ಪ್ರಿನ್ಸ್ ಹುಟ್ಟಿದ್ದು 1866ರಲ್ಲಿ, ಡಾರ್ನ್ಲಿ 1872ರಲ್ಲಿ, ಎರಡೂ ಸ್ಕಾಟ್ಲೆಂಡಿನಲ್ಲಿ. ಆಮೇಲೆ ಬಂದ ಒಳ್ಳೆ ಕ್ಲೈಡ್ಸ್‌ಡೇಲ್‌ಗಳ ಬೇರು ಹುಡುಕಿದರೆ ಹೆಚ್ಚಾಗಿ ಈ ಎರಡಕ್ಕೇ ಮುಟ್ಟುತ್ತೆ. ಒಟಾಗೊ, ಸೌತ್‌ಲ್ಯಾಂಡ್ ಕಡೆ ನೆಲೆಸಿದವರಲ್ಲಿ ಸ್ಕಾಟರೇ ಜಾಸ್ತಿ. ಅವರಿಗೆ ಇಂಗ್ಲೆಂಡಿನ ಶೈರ್ ಕುದುರೆ ಮನಸ್ಸಿಗೆ ಹಿಡಿಯಲಿಲ್ಲ. ತಮ್ಮೂರಿನದೇ ಬೇಕಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಅಲ್ಲಾಡಿಸಿಕೊಂಡು ತಂದರು. ಸ್ಕಾಟ್ಲೆಂಡಿನಲ್ಲಿ ತಳಿಯ ಸಂಘ 1877ರಲ್ಲೇ ಶುರುವಾಗಿತ್ತು, ನ್ಯೂಜಿಲೆಂಡಿನಲ್ಲಿ 1911ರಲ್ಲಿ. ಅದೇ 1911ರಲ್ಲಿ ಆ ದೇಶದ ಕುದುರೆಗಳ ಲೆಕ್ಕ 4 ಲಕ್ಷ ದಾಟಿತ್ತು. ಜನ ಸುಮಾರು 10 ಲಕ್ಷ. ಅಂದರೆ ನಿಮ್ಮ ನೋಟ್‌ಬುಕ್ಕು ಆ ಕಾಲದ ಟ್ರ್ಯಾಕ್ಟರ್ ಕಾರ್ಖಾನೆಯ ಲೆಕ್ಕ ಅಂದುಕೊಳ್ಳಿ.

ಕತ್ತರಿ ಗುರುತು ನನಗೂ ಗೊತ್ತಿಲ್ಲ. ಗೊರಸು ಅವರೇ ಬರಬೇಕು.

ಗೊರಸು:

ಬಂದೆ. ನಾನು ಪಶುವೈದ್ಯ. ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ ಕುದುರೆಗಳ ಹಿಂದೆ ಮುಂದೆ ಓಡಾಡಿದ್ದೇನೆ. ಹಿಂದೆ ಹೋಗಿದ್ದಕ್ಕೆ ಎಡ ಮೊಣಕಾಲು ಇವತ್ತಿಗೂ ನೋಯುತ್ತೆ.

ಸ್ಟ್ಯಾಂಡ್ ಅಂದ್ರೆ ಬೀಜದ ಕುದುರೆ ತನ್ನ ಲಾಯದಲ್ಲೇ ಇರುತ್ತೆ, ಹೆಣ್ಣನ್ನು ನೀವೇ ಹೊಡಕೊಂಡು ಬರಬೇಕು. ಟ್ರಾವೆಲ್ ಅಂದ್ರೆ ಅದೇ ನಿಮ್ಮ ಬಾಗಿಲಿಗೆ ಬರುತ್ತೆ. ಉಳುವ ಕಾಲದಲ್ಲಿ ಹೆಣ್ಣು ಕುದುರೆಗಳೂ ನೇಗಿಲಿಗೆ ಕಟ್ಟಿದವೇ. ಅವನ್ನು ಬಿಚ್ಚಿ 20 ಮೈಲಿ ನಡೆಸಿಕೊಂಡು ಹೋದರೆ ಎರಡು ದಿನದ ಉಳುಮೆ ಹಾಳು. ಅದಕ್ಕೇ ಗಂಡೇ ತಿರುಗುತ್ತಿತ್ತು.

ಈಗ ವಾರದ ಪಟ್ಟಿಗೆ ಬನ್ನಿ. ಅದು ಬರೀ ವ್ಯಾಪಾರ ಅಲ್ಲ, ಮೈಯ ಲೆಕ್ಕ. ಹೆಣ್ಣು ಕುದುರೆ ವಸಂತದಲ್ಲಿ (ನಿಮ್ಮಲ್ಲಿ ಅದು ಸೆಪ್ಟೆಂಬರಿನಿಂದ ನವೆಂಬರ್) ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಬೆದೆ ಇರುವುದು ಐದು, ಆರು, ಏಳು ದಿನ. ಅಂದರೆ ಗಂಡು ಏಳು ದಿನಕ್ಕೊಮ್ಮೆ ಅದೇ ಬೇಲಿ ಹತ್ತಿರ ಬಂದರೆ ಬೆದೆ ಕೈತಪ್ಪುವುದು ಕಡಿಮೆ. ಹತ್ತು ದಿನಕ್ಕೊಮ್ಮೆ ಬಂದರೆ ಎಷ್ಟೋ ತಪ್ಪುತ್ತವೆ. ಹಾಗಾಗಿ ದೂರದ ಊರಿಗೆ ಹೋಗುವಂತಿಲ್ಲ. ಸೋಮವಾರ ಹೊರಟು ಶನಿವಾರ ಮನೆ ಮುಟ್ಟುವಷ್ಟೇ ಅವನ ಸಾಮ್ರಾಜ್ಯ. ಒಂದು ಟನ್ ಹತ್ತಿರದ ಪ್ರಾಣಿ, ಅದರ ನಡಿಗೆಯಲ್ಲೇ ಹೋಗಬೇಕು. ಓಡಿಸಿದರೆ ಗೊರಸು ಹೋಗುತ್ತೆ. ಗೊರಸು ಹೋದರೆ ಉಳಿದ ಕುದುರೆ ಏನಕ್ಕೆ?

ಮರಿ ಹಾಕಿದ ಹೆಣ್ಣು ಒಂಬತ್ತನೇ ದಿನದ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬರುತ್ತೆ. ಗಬ್ಬ 11 ತಿಂಗಳು. ಅಕ್ಟೋಬರಿನಲ್ಲಿ ನಿಂತರೆ ಮುಂದಿನ ಸೆಪ್ಟೆಂಬರಿಗೆ ಮರಿ, ಆಗ ಹುಲ್ಲು ಚಿಗುರಿರುತ್ತೆ. ಡಿಸೆಂಬರ್ ಕೊನೆಗೆ ಜಾರಿದರೆ ಮರಿಗೆ ಚಳಿಗಾಲದ ಮುಂಚೆ ಮೈ ತುಂಬಲು ಸಮಯ ಕಡಿಮೆ.

ಕತ್ತರಿ ಗುರುತು ಏನು ಅಂತ ನಾನು ಹೇಳಬಲ್ಲೆ ಅನಿಸುತ್ತೆ. ಆಗ ಸ್ಕ್ಯಾನ್ ಇರಲಿಲ್ಲ. ಕೂಡಿಸಿದ ಮೂರು ವಾರಕ್ಕೆ ಮತ್ತೆ ಬರುವ ಗಂಡೇ ಸ್ಕ್ಯಾನ್. ಗಟ್ಟಿಯಾದ ಗೇಟಿನ ಆಚೆ ಈಚೆ ಇಬ್ಬರನ್ನೂ ನಿಲ್ಲಿಸುತ್ತಾರೆ. ಬೆದೆಯಲ್ಲಿದ್ದರೆ ಹೆಣ್ಣು ಬಾಲ ಪಕ್ಕಕ್ಕೆ ಹಾಕಿ, ಹಿಂಗಾಲು ಅಗಲಿಸಿ, ಗಂಜಲ ಬಿಡುತ್ತೆ. ಗಬ್ಬ ನಿಂತಿದ್ದರೆ ಕಿವಿ ಹಿಂದಕ್ಕೆ ಒತ್ತಿ, ಕೀಚಲು ದನಿ ತೆಗೆದು, ಗೇಟಿಗೆ ಒದೆಯುತ್ತೆ. ಒದ್ದರೆ ಕತ್ತರಿ! ರೈತನಿಗೆ ಆ ಒದೆತದಷ್ಟು ಸಿಹಿ ಶಬ್ದ ಬೇರೆ ಇಲ್ಲ. ನಿಮ್ಮ ಜೆಸ್ ಪಾಪ, ನಾಲ್ಕು ಸಲವೂ ಒದೆಯಲಿಲ್ಲ.

ಗೇಟು ಇಲ್ಲದಿದ್ದರೆ ಏನಾಗುತ್ತೆ ಅಂತ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಮ್ಮಿನ ಕಥೆ ಕೇಳಿ. ಬ್ಯಾರನ್ ಆಫ್ ಬುಕ್ಲೈವಿ ಅನ್ನುವ ಕ್ಲೈಡ್ಸ್‌ಡೇಲ್ ಗಂಡು 1911ರಲ್ಲಿ ಏರ್ ಪೇಟೆಯ ಹರಾಜಿನಲ್ಲಿ 9,500 ಪೌಂಡಿಗೆ ಹೋಯಿತು. ನಿಮ್ಮ ಕಾರ್ಡಿನ ದರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಣ್ಣು ಕುದುರೆಗಳ ಫೀಸು. 1914ರಲ್ಲಿ ಒಂದು ಹೆಣ್ಣು ಕುದುರೆ ಒದ್ದು ಅದರ ಕಾಲು ಮುರಿಯಿತು, ಕೊಲ್ಲಬೇಕಾಯಿತು. ಆ ಮೂಳೆಗಳನ್ನೇ ಮ್ಯೂಸಿಯಮ್ಮಿಗೆ ಕೊಟ್ಟರು.

ಸುಮ್ನೆಕೇಳ್ದೆ:

ಇಷ್ಟೆಲ್ಲ ರಗಳೆ ಯಾಕೆ? ಪ್ರತಿ ರೈತನೂ ಒಂದು ಗಂಡು ಇಟ್ಟುಕೊಂಡರೆ ಮುಗೀತಲ್ವಾ? ಮತ್ತೆ ಆ 5 ಶಿಲಿಂಗು ಲಂಚ ತಾನೇ.

ಗೊರಸು:

ಆರು ಕುದುರೆ ಇರುವ ಫಾರ್ಮಿಗೆ ಬೀಜದ ಗಂಡು ಇಟ್ಟು ನೋಡಿ. ಉಳಿದ ಹೆಣ್ಣುಗಳ ಜೊತೆ ಜೋಡಿ ಕಟ್ಟೋಕೆ ಆಗಲ್ಲ, ಬೇಲಿ ನಿಲ್ಲಲ್ಲ, ಓಟ್ಸ್ ಮಾತ್ರ ಎರಡರಷ್ಟು ತಿನ್ನುತ್ತೆ. ವರ್ಷಕ್ಕೆ ಆರು ಸಲದ ಕೆಲಸಕ್ಕೆ! ತಿರುಗುವ ಗಂಡು ಒಂದು ಸೀಸನ್ನಿನಲ್ಲಿ 60, 80 ಹೆಣ್ಣುಗಳನ್ನು ನೋಡಿಕೊಳ್ಳುತ್ತೆ.

ಇದರಲ್ಲಿ ಅಪಾಯವೂ ಇದೆ. ಗಂಡಿಗೆ ಸೈಡ್‌ಬೋನ್ ಇದ್ದರೆ, ಅಂದರೆ ಗೊರಸಿನ ಪಕ್ಕದ ಮೃದುವಾದ ಎಲುಬು ಗಟ್ಟಿಯಾಗುವ ದೋಷ, ಇಡೀ ಜಿಲ್ಲೆಯ ಮರಿಗಳಿಗೆ ಹಂಚಿಬಿಡುತ್ತೆ. ಉಸಿರಿನಲ್ಲಿ ಗೊರಗೊರ ಅನ್ನುವ ದೋಷವೂ ಹಾಗೇ. ಬ್ರಿಟನ್ನಿನಲ್ಲಿ 1918ರಲ್ಲಿ ಕಾನೂನು ತಂದು, ತಿರುಗುವ ಗಂಡಿಗೆ ಲೈಸೆನ್ಸ್ ಬೇಕು ಅಂದರು. ಅಲ್ಲಿವರೆಗೆ ರೈತನ ಕಣ್ಣೇ ಕಾನೂನು. ಕಾಲಿನ ಜೊಂಪೆ ಕೂದಲು ಚೆನ್ನಾಗಿ ಉಜ್ಜಿ ಬಾಚಿದ್ದರೆ ಎಷ್ಟೋ ದೋಷ ಮುಚ್ಚಿಹೋಗುತ್ತೆ. ಕೂದಲು ಸರಿಸಿ ಕೈಯಾಡಿಸಿ ನೋಡುವವನೇ ಜಾಣ.

5 ಶಿಲಿಂಗು ಲಂಚ ಅಲ್ಲ. ರೈತನ ಕೈಗೆ ದುಡ್ಡು ಬರುವುದು ಬೇಸಿಗೆಯಲ್ಲಿ, ಅದಕ್ಕೇ 3 ಪೌಂಡು ಫೆಬ್ರವರಿಗೆ. ಆದರೆ ಗ್ರೂಮ್ ಐದು ರಾತ್ರಿ ಐದು ಮನೆಯಲ್ಲಿ ಮಲಗುವವನು. ಮಳೆಯಲ್ಲಿ ಕುದುರೆ ಕಾಲು ಒರೆಸಿ, ಆಮೇಲೆ ತನ್ನ ಕಾಲು ಒರೆಸಿಕೊಳ್ಳುವವನು. ಅವನು ಫೆಬ್ರವರಿವರೆಗೆ ಕಾಯೋಕೆ ಆಗುತ್ತಾ?

ಹಾಲುಕೊಟ್ಟಿಗೆ, ಆ ಅಕ್ಟೋಬರ್ 20, ಡಿಸೆಂಬರ್ 1ರ ವಿಷಯ. ನಡುವೆ ಸರಿಯಾಗಿ 42 ದಿನ, ಎರಡು ಬೆದೆ. ಅಂದರೆ ನವೆಂಬರ್ 10ರ ಸುತ್ತ ಅವು ಬೆದೆಗೆ ಬಂದಿವೆ, ಗಂಡು ಬಂದಿಲ್ಲ. ಮೂರಕ್ಕೂ ಅದೇ ತಾರೀಕು ಅಂದ್ರೆ ಗ್ರೂಮ್ ಮರೆತದ್ದಲ್ಲ. ಮೂರೂ ಒಂದೇ ಕಡೆಯವಾ? ಆ ವಾರ ಬೇರೆ ಕಡೆ ಬರೆದಿದ್ದಾನಾ, ನೋಡಿ.

ಹಾಲುಕೊಟ್ಟಿಗೆ:

ನಿನ್ನೆ ರಾತ್ರಿ ಹಾಲು ಕರೆದು ಬಂದಮೇಲೆ ಬಾಸ್ ಜೊತೆ ಕೂತು ನೋಡಿದೆ. ಅವರ ಹೆಂಡತಿ ಭೂತಗನ್ನಡಿ ತಂದರು.

ಮೂರೂ ಮಂಗಳವಾರದವು, ಡಿಪ್ಟನ್ ಹೊಳೆಯಾಚೆಯವು. ನವೆಂಬರ್ 10 ಮಂಗಳವಾರವೇ. ಅವತ್ತು ಡಿಪ್ಟನ್ನಿನ ಒಂದೇ ಒಂದು ಸಾಲೂ ಇಲ್ಲ. ಬುಧವಾರ, ಗುರುವಾರವೂ ಖಾಲಿ. ಹಿಂದಿನ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎರಡು ಪದ ಇದೆ. 'ರಿವರ್ ಅಪ್'. ಹೊಳೆ ತುಂಬಿದೆ, ಅಷ್ಟೇ. ನಾನು ಅದನ್ನು ಯಾರದೋ ಹೆಸರು ಅಂದುಕೊಂಡಿದ್ದೆ.

ಮುಂದಿನ ಮಂಗಳವಾರ ಅವನು ಹೋಗಿದ್ದಾನೆ, 17ಕ್ಕೆ. ಮೂರರ ಸಾಲಿನಲ್ಲೂ ತಾರೀಕಿನ ಬದಲು ಬರೀ ಒಂದು ಗೀಟು ಎಳೆದಿದ್ದಾನೆ, ಮೊದಲು ನಾನು ಗಮನಿಸಿರಲಿಲ್ಲ. ಬೆದೆ ಮುಗಿದಿತ್ತು ಅಂತ ಈಗ ಗೊತ್ತಾಯಿತು. ಡಿಸೆಂಬರ್ 1ಕ್ಕೆ ಮೂರೂ ಮತ್ತೆ ಬೆದೆಗೆ ಬಂದಿವೆ. ಡಿಸೆಂಬರ್ 22ಕ್ಕೆ ಎರಡಕ್ಕೆ ಕತ್ತರಿ. ಮೂರನೆಯದಕ್ಕೆ ಪುಟ ಹರಿದಿದೆ.

ಜೆಸ್ ಕೂಡ ಮಂಗಳವಾರದ್ದೇ, ಹೊಳೆಯಾಚೆಯದೇ. ಅದರ ಮುಂದೆ ಹಣದ ಕಾಲಮ್ಮಿನಲ್ಲಿ 5 ಶಿಲಿಂಗು ಮಾತ್ರ ಇದೆ. 3 ಪೌಂಡಿನ ಜಾಗ ಖಾಲಿ. ಬಾಸ್ ಅದನ್ನೇ ತುಂಬಾ ಹೊತ್ತು ನೋಡಿ, ಆ ಹೊಳೆಯಾಚೆಯ ಮನೆಯವರು ಇವತ್ತಿಗೂ ಬಾಕಿ ಇಟ್ಟುಕೊಳ್ಳುವ ಜನವೇ ಅಂದರು.